ಸಂಗೀತ ಕಲಿತವರಿಗೆ ಹಾರ್ವರ್ಡ್ ಸೀಟು ಸಿಗುತ್ತದೆಯೇ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಮಕ್ಕಳು ಹೈಸ್ಕೂಲಿನ ಮೂರನೇ ವರ್ಷಕ್ಕೆ ಬರುತ್ತಿದ್ದಂತೆ ಒಂದು ಪ್ರಶ್ನೆ ಏಳುತ್ತದೆ. ಆರನೇ ವಯಸ್ಸಿನಿಂದ ಪಾಠಕ್ಕೆ ಕಳುಹಿಸಿದ್ದೇವೆ, ಕನ್ನಡ ಕೂಟದಲ್ಲಿ, ದೇವಸ್ಥಾನದಲ್ಲಿ, ಪುರಂದರದಾಸರ ಆರಾಧನೆಯಲ್ಲಿ ಹಾಡಿದ್ದಾಳೆ. ಇದೆಲ್ಲ ಕಾಲೇಜಿಗೆ ಅರ್ಜಿ ಹಾಕುವಾಗ ಉಪಯೋಗಕ್ಕೆ ಬರುತ್ತದೆಯೇ? ಈಚೆಗೆ ಬೆಂಗಳೂರಿನ ಇಂಟರ್‌ನ್ಯಾಷನಲ್ ಶಾಲೆಗಳ ಪೋಷಕರೂ ಇದನ್ನೇ ಕೇಳುತ್ತಿದ್ದಾರೆ. ಮಗುವನ್ನು ಪಿಯಾನೋ ತರಗತಿಗೆ ಸೇರಿಸುವ ದಿನವೇ ‘ಮುಂದೆ ಪ್ರೊಫೈಲ್‌ಗೆ ಒಳ್ಳೆಯದು’ ಎಂಬ ಮಾತೂ ಬಂದುಹೋಗುತ್ತದೆ.

ನೇರ ಉತ್ತರ ಹೀಗಿದೆ. ಬಹಳ ಎತ್ತರಕ್ಕೆ ಏರಿದ ಕೆಲವೇ ಮಕ್ಕಳಿಗೆ ಸಂಗೀತ ನಿಜವಾಗಿ ನೆರವಾಗುತ್ತದೆ. ಚೆನ್ನಾಗಿ ಕಲಿತ, ಚೆನ್ನಾಗಿಯೇ ಹಾಡುವ ಉಳಿದ ಸಾವಿರಾರು ಮಕ್ಕಳ ಪಾಲಿಗೆ ಅದು ಅರ್ಜಿಯಲ್ಲಿ ಒಂದು ಸಾಲು. ಒಳ್ಳೆಯ ಸಾಲೇ, ಆದರೆ ಒಂದೇ ಸಾಲು. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮನೆಗಳು ಮಕ್ಕಳ ಮೇಲೆ ಹೊರಿಸಬಾರದ ಭಾರ ಹೊರಿಸುತ್ತಿವೆ. ಹಾಗಾಗಿ ಅಲ್ಲಿನ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ನಮ್ಮ ಸಿಇಟಿ, ಜೆಇಇ ಕಂಡವರಿಗೆ ಅಲ್ಲಿನ ಪದ್ಧತಿ ವಿಚಿತ್ರವಾಗಿ ಕಾಣುತ್ತದೆ. ಇಲ್ಲಿ ರ‍್ಯಾಂಕ್ ಬರುತ್ತದೆ, ರ‍್ಯಾಂಕಿನ ಪ್ರಕಾರ ಸೀಟು ಹಂಚಿಕೆಯಾಗುತ್ತದೆ. ಅಲ್ಲಿ ಅಂಕಪಟ್ಟಿ, ಎಸ್‌ಎಟಿ ಎಂಬ ಪರೀಕ್ಷೆಯ ಅಂಕ, ಶಿಕ್ಷಕರ ಪತ್ರ, ವಿದ್ಯಾರ್ಥಿಯೇ ಬರೆದ ಪ್ರಬಂಧ, ಪಠ್ಯೇತರ ಚಟುವಟಿಕೆ, ಎಲ್ಲವನ್ನೂ ಒಟ್ಟಿಗೆ ಓದಿ ತೀರ್ಮಾನಿಸುತ್ತಾರೆ. 2024ರಲ್ಲಿ ಹಾರ್ವರ್ಡ್‌ಗೆ ಅರ್ಜಿ ಹಾಕಿದವರು ಸುಮಾರು 54 ಸಾವಿರ. ಪ್ರವೇಶ ಸಿಕ್ಕಿದ್ದು ಎರಡು ಸಾವಿರಕ್ಕೂ ಕಡಿಮೆ ಮಂದಿಗೆ. ನಿರಾಕರಿಸಲ್ಪಟ್ಟವರಲ್ಲಿ ತರಗತಿಗೆ ಮೊದಲಿಗರಾದವರು ರಾಶಿ ರಾಶಿ ಇದ್ದರು. ಓದಿನಲ್ಲಿ ಸರಿಸಮನಾದ ಇಷ್ಟು ಜನರಲ್ಲಿ ಯಾರನ್ನು ಆರಿಸುವುದು ಎಂಬ ಹಂತದಲ್ಲಿ ಸಂಗೀತ, ಕ್ರೀಡೆ, ಸಮಾಜಸೇವೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಓದಿನಲ್ಲಿ ಹಿಂದಿರುವ ಹುಡುಗನನ್ನು ವಯಲಿನ್ ಮೇಲೆತ್ತುವುದು ತೀರಾ ಅಪರೂಪ.

ಇಡೀ ವ್ಯಕ್ತಿಯನ್ನು ನೋಡುತ್ತೇವೆ ಎಂಬ ಈ ಪದ್ಧತಿ ಹುಟ್ಟಿದ ಕಥೆಯೂ ಅಷ್ಟು ಚೆಂದವಿಲ್ಲ. 1920ರ ದಶಕದಲ್ಲಿ ಪ್ರವೇಶ ಪರೀಕ್ಷೆಯಲ್ಲಿ ಯಹೂದಿ ವಿದ್ಯಾರ್ಥಿಗಳು ಹೆಚ್ಚು ಹೆಚ್ಚು ಉತ್ತೀರ್ಣರಾಗತೊಡಗಿದಾಗ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳು ‘ನಡತೆ’, ‘ವ್ಯಕ್ತಿತ್ವ’ ಎಂಬ ಅಳತೆಗಳನ್ನು ತಂದವು. ಹಾರ್ವರ್ಡ್ ಅಧ್ಯಕ್ಷರಾಗಿದ್ದ ಲಾರೆನ್ಸ್ ಲೋವೆಲ್ ಯಹೂದಿಗಳ ಸಂಖ್ಯೆಗೆ ಮಿತಿ ಹಾಕಬೇಕೆಂದು ಬಹಿರಂಗವಾಗಿಯೇ ವಾದಿಸಿದವರು. ಸಮಾಜಶಾಸ್ತ್ರಜ್ಞ ಜೆರೋಮ್ ಕ್ಯಾರಬೆಲ್ 2005ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಈ ಚರಿತ್ರೆಯನ್ನು ದಾಖಲೆಗಳ ಸಮೇತ ಬಿಚ್ಚಿಟ್ಟಿದ್ದಾರೆ. ಅಂದು ಬಂದ ಅಳತೆಗಳು ಕಾಲಕಾಲಕ್ಕೆ ಬದಲಾಗುತ್ತ ಇಂದಿಗೂ ಉಳಿದಿವೆ.

ಒಳಗೆ ಏನು ನಡೆಯುತ್ತದೆ ಎಂಬುದು ಬಹುಕಾಲ ಗುಟ್ಟಾಗಿತ್ತು. 2014ರಲ್ಲಿ ಹಾರ್ವರ್ಡ್ ವಿರುದ್ಧ ಹೂಡಿದ ಮೊಕದ್ದಮೆ 2018ರಲ್ಲಿ ವಿಚಾರಣೆಗೆ ಬಂದಾಗ ಪರದೆ ಸರಿಯಿತು. ಏಷ್ಯನ್ ಅಮೆರಿಕನ್ ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತಿದೆ ಎಂಬ ಈ ಪ್ರಕರಣದಲ್ಲೇ 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ನ್ಯಾಯಾಲಯದ ಮುಂದೆ ಬಂದ ಕಾಗದಗಳ ಪ್ರಕಾರ ಪ್ರತಿ ಅರ್ಜಿದಾರರಿಗೂ ಓದು, ಪಠ್ಯೇತರ ಚಟುವಟಿಕೆ, ಕ್ರೀಡೆ, ವ್ಯಕ್ತಿಗುಣ ಎಂಬ ನಾಲ್ಕು ವಿಭಾಗಗಳಲ್ಲಿ ಅಂಕೆ ಬೀಳುತ್ತದೆ. ಒಂದು ಎಂದರೆ ಅತ್ಯುತ್ತಮ. ಪಠ್ಯೇತರದಲ್ಲಿ ಒಂದು ಸಿಗಬೇಕಾದರೆ ರಾಷ್ಟ್ರಮಟ್ಟದ ಸಾಧನೆ ಅಥವಾ ವೃತ್ತಿಪರ ಕಲಾವಿದರ ಮಟ್ಟದ ಅನುಭವ ಬೇಕು. ಶಾಲೆಯಲ್ಲಿ ಎದ್ದು ಕಾಣುವ ಕೆಲಸ ಮಾಡಿ ಸ್ಥಳೀಯವಾಗಿ, ಪ್ರಾದೇಶಿಕವಾಗಿ ಮನ್ನಣೆ ಪಡೆದಿದ್ದರೆ ಎರಡು. ತಪ್ಪದೆ ಭಾಗವಹಿಸಿದ್ದಾನೆ, ವಿಶೇಷವೇನಿಲ್ಲ ಎಂದರೆ ಮೂರು. ಹತ್ತು ವರ್ಷ ಬಿಡದೆ ಪಾಠಕ್ಕೆ ಹೋದ, ಶಾಲೆಯ ಆರ್ಕೆಸ್ಟ್ರಾದಲ್ಲಿ ನುಡಿಸಿದ ಮಗು ಸಾಮಾನ್ಯವಾಗಿ ಬಂದು ನಿಲ್ಲುವುದು ಈ ಮೂರರಲ್ಲಿ. ಪೋಷಕರ ನಿರೀಕ್ಷೆಗೂ ವಾಸ್ತವಕ್ಕೂ ಇರುವ ಅಂತರ ಇಲ್ಲೇ ಇದೆ.

ಅದೇ ದಾಖಲೆಗಳಲ್ಲಿ ಇನ್ನೊಂದು ಸಂಗತಿ ಇತ್ತು. ಏಷ್ಯನ್ ಅಮೆರಿಕನ್ ಮಕ್ಕಳು ಓದುವುದು ಬಿಟ್ಟು ಬೇರೇನೂ ಮಾಡುವುದಿಲ್ಲ ಎಂಬ ಹಳೆಯ ಆರೋಪ ಸುಳ್ಳಾಯಿತು. ಪಠ್ಯೇತರ ಚಟುವಟಿಕೆಯಲ್ಲೂ ಅವರ ಅಂಕೆ ಸರಾಸರಿಯಲ್ಲಿ ಬಿಳಿಯ ಅರ್ಜಿದಾರರಿಗಿಂತ ಚೆನ್ನಾಗಿತ್ತು. ಅವರು ಹಿಂದೆ ಬಿದ್ದದ್ದು ‘ವ್ಯಕ್ತಿಗುಣ’ದ ಅಂಕೆಯಲ್ಲಿ. ಅಂದರೆ ಇನ್ನೊಂದು ವಾದ್ಯ, ಇನ್ನೊಂದು ಪ್ರಮಾಣಪತ್ರ ಸೇರಿಸಿದ್ದರಿಂದ ಆ ಕೊರತೆ ತುಂಬುತ್ತಿರಲಿಲ್ಲ.

ಕ್ರೀಡೆಯ ಜೊತೆ ಹೋಲಿಸಿ ನೋಡಿ. ಕೋಚ್ ಆರಿಸಿಕೊಂಡ ಕ್ರೀಡಾಪಟುಗಳಲ್ಲಿ ನೂರಕ್ಕೆ ಸುಮಾರು 86 ಮಂದಿಗೆ ಹಾರ್ವರ್ಡ್ ಪ್ರವೇಶ ಸಿಗುತ್ತಿತ್ತು ಎಂಬುದು ಅದೇ ಪ್ರಕರಣದ ಅಂಕಿಅಂಶಗಳಿಂದ ಹೊರಬಿತ್ತು. ಪ್ರವೇಶ ಪಡೆದ ಬಿಳಿಯ ವಿದ್ಯಾರ್ಥಿಗಳಲ್ಲಿ ನೂರಕ್ಕೆ 43ಕ್ಕೂ ಹೆಚ್ಚು ಮಂದಿ ಒಂದೋ ಇಂಥ ಕ್ರೀಡಾಪಟುಗಳು, ಇಲ್ಲವೇ ಹಳೆ ವಿದ್ಯಾರ್ಥಿಗಳ ಮಕ್ಕಳು, ಅಧ್ಯಾಪಕ ಸಿಬ್ಬಂದಿಯ ಮಕ್ಕಳು, ದೇಣಿಗೆಯಂಥ ಕಾರಣಕ್ಕೆ ಡೀನ್ ಅವರ ವಿಶೇಷ ಪಟ್ಟಿಯಲ್ಲಿದ್ದವರು. ಫೆನ್ಸಿಂಗ್ ಕೋಚ್‌ಗೆ, ದೋಣಿ ಸ್ಪರ್ಧೆಯ ಕೋಚ್‌ಗೆ ಇರುವ ಈ ಶಕ್ತಿ ಆರ್ಕೆಸ್ಟ್ರಾ ನಿರ್ದೇಶಕರಿಗಿಲ್ಲ. ಅವರು ಒಂದು ಅಭಿಪ್ರಾಯ ಬರೆದು ಕಳುಹಿಸಬಹುದು, ಅಷ್ಟೇ. ಕ್ರೀಡೆಗೆ ಇರುವಂಥ ದಾರಿ ಸಂಗೀತಕ್ಕೂ ಇರುತ್ತದೆ ಎಂದು ನಂಬಿಸುವ ಕನ್ಸಲ್ಟೆಂಟ್‌ಗಳ ಮಾತು ಕೇಳಬೇಡಿ.

ಹಾಗಾದರೆ ಸಂಗೀತವನ್ನು ಯಾರೂ ಕೇಳುವುದೇ ಇಲ್ಲವೇ? ಕೇಳುತ್ತಾರೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್, ಎಂಐಟಿ ಮುಂತಾದ ಕಡೆ ಅರ್ಜಿಯ ಜೊತೆಗೆ ಬಯಸಿದವರು ಸಂಗೀತದ ರೆಕಾರ್ಡಿಂಗ್ ಕಳುಹಿಸಬಹುದು. ಅದನ್ನು ಕೇಳುವವರು ಸಂಗೀತ ವಿಭಾಗದ ಅಧ್ಯಾಪಕರು, ವಾದ್ಯವೃಂದದ ನಿರ್ದೇಶಕರು. ಅವರು ಕೊಟ್ಟ ಅಭಿಪ್ರಾಯ ಪ್ರವೇಶ ಸಮಿತಿಯ ಕಡತಕ್ಕೆ ಸೇರುತ್ತದೆ. ‘ಇಂಥ ಕಲಾವಿದೆ ನಮ್ಮಲ್ಲಿಗೆ ಬರಲೇಬೇಕು’ ಎಂದು ಅವರು ಬರೆದರೆ ಆ ಕಡತಕ್ಕೆ ತೂಕ ಬರುತ್ತದೆ. ‘ಪರವಾಗಿಲ್ಲ’ ಎಂದು ಬರೆದರೆ ಏನೂ ಆಗುವುದಿಲ್ಲ. ಕೆಲವೊಮ್ಮೆ ಮಗು ತನ್ನ ಬಗ್ಗೆ ತಾನೇ ಬರೆದುಕೊಂಡ ದೊಡ್ಡ ಮಾತಿಗೆ ಪೆಟ್ಟು ಬೀಳುತ್ತದೆ. ವಿಶೇಷ ಮಟ್ಟದ ಪ್ರತಿಭೆ ಇದ್ದರೆ ಮಾತ್ರ ಕಳುಹಿಸಿ ಎಂದು ಕಾಲೇಜುಗಳು ಹೇಳುವುದು ಇದಕ್ಕೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯಲ್ಲಂತೂ, ಸಂಗೀತವನ್ನೇ ಮುಖ್ಯ ವಿಷಯವಾಗಿ ಓದಲು ಹೊರಟವರನ್ನು ಬಿಟ್ಟರೆ, ಇಂಥ ರೆಕಾರ್ಡಿಂಗ್‌ಗೆ ಜಾಗವಿಲ್ಲ. ಅದರ ಭಾಗವಾದ ಬರ್ಕ್ಲಿಗೋ ಯುಸಿಎಲ್‌ಎಗೋ ಎಂಜಿನಿಯರಿಂಗ್ ಓದಲು ಅರ್ಜಿ ಹಾಕುವ ಹುಡುಗ ಎಷ್ಟು ಚೆನ್ನಾಗಿ ಕೊಳಲು ನುಡಿಸಿದರೂ ಅದನ್ನು ಅಲ್ಲಿ ಕೇಳಿಸಲು ದಾರಿಯಿಲ್ಲ. ಚಟುವಟಿಕೆಗಳ ಪಟ್ಟಿಯಲ್ಲಿ ಬರೆಯಬಹುದು.

ವಾದ್ಯ ಯಾವುದು ಎಂಬುದೂ ಮುಖ್ಯ. ಪಿಯಾನೋ, ವಯಲಿನ್ ನುಡಿಸುವವರು ಅರ್ಜಿದಾರರಲ್ಲಿ ತುಂಬಿ ತುಳುಕುತ್ತಾರೆ. ಕಾಲೇಜಿನ ವಾದ್ಯವೃಂದಕ್ಕೆ ಬೇಕಾದರೂ ಬೇಗ ಸಿಗದವರು ಓಬೋ, ಬಸೂನ್, ವಿಯೋಲ ನುಡಿಸುವವರು. ಹೀಗೆಂದ ಮಾತ್ರಕ್ಕೆ ಮಗಳ ಕೈಯಿಂದ ವಯಲಿನ್ ಕಿತ್ತು ಬಸೂನ್ ಕೊಡುವುದು ತಪ್ಪು. ಇಷ್ಟವಿಲ್ಲದ ವಾದ್ಯದಲ್ಲಿ ಯಾವ ಮಗುವೂ ಆ ಮಟ್ಟ ಮುಟ್ಟಿದ್ದಿಲ್ಲ.

ನಮ್ಮ ಮಕ್ಕಳು ಕಲಿಯುವ ಕರ್ನಾಟಕ ಸಂಗೀತದ ಪಾಡೇನು? ಇದನ್ನು ಕಿವಿಗೊಟ್ಟು ಕೇಳಬಲ್ಲವರು ಕೆಲವು ಕಡೆ ಇದ್ದಾರೆ. ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದಿಂದಲೂ ಕರ್ನಾಟಕ ಸಂಗೀತದ ಪಾಠ ನಡೆಯುತ್ತಿದೆ. ಮೃದಂಗದ ಟಿ. ರಂಗನಾಥನ್, ಕೊಳಲಿನ ಟಿ. ವಿಶ್ವನಾಥನ್ ಸಹೋದರರು ಅಲ್ಲಿ ಕಲಿಸಿದರು. ಮದರಾಸಿನ ಸಭೆಗಳಲ್ಲಿ ಹಾಡಿ ಭಾಗವತರ್ ಎನ್ನಿಸಿಕೊಂಡ ಜಾನ್ ಹಿಗಿನ್ಸ್ ಅಲ್ಲಿಯೇ ಓದಿದವರು. ದಕ್ಷಿಣ ಭಾರತದ ಸಂಗೀತವನ್ನು ಅಧ್ಯಯನ ಮಾಡಿ ಸ್ವತಃ ವೀಣೆ ನುಡಿಸುವ ರಿಚರ್ಡ್ ವುಲ್ಫ್ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾದರು. ಆದರೆ ಹೆಚ್ಚಿನ ಕಾಲೇಜುಗಳಲ್ಲಿ ರೆಕಾರ್ಡಿಂಗ್ ತಲುಪುವುದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಪಳಗಿದ ಕಿವಿಗೆ. ಆ ಕಿವಿಗೆ ಗಮಕ ಅರ್ಥವಾಗದಿರಬಹುದು. ಶ್ರುತಿಯ ನಿಲುವು, ಲಯದ ಹಿಡಿತ, ಧ್ವನಿಯ ಸಂಸ್ಕಾರ ಅರ್ಥವಾಗಿಯೇ ಆಗುತ್ತದೆ.

ಕಳುಹಿಸುವವರು ಗಮನಿಸಬೇಕಾದ ಮಾತು ಇಲ್ಲಿದೆ. ಸಮಾರಂಭದಲ್ಲಿ ಫೋನಿನಲ್ಲಿ ಹಿಡಿದ, ತಂಬೂರಿ ಕೇಳಿಸದ, ಮೃದಂಗವೇ ಮೇಲೆದ್ದು ಕೇಳುವ ರೆಕಾರ್ಡಿಂಗ್ ಬೇಡ. ಶಾಂತವಾದ ಕೋಣೆ, ಒಂದು ಒಳ್ಳೆಯ ಮೈಕು, ಹದವಾಗಿ ಸೇರಿದ ಶ್ರುತಿ, ಇಷ್ಟಿದ್ದರೆ ಸಾಕು. ಎರಡು ಬೇರೆ ಸ್ವಭಾವದ ತುಣುಕುಗಳನ್ನು ಆರಿಸಿಕೊಳ್ಳಬೇಕು. ಒಂದು ವಿಳಂಬ ಕಾಲದ ಕೃತಿ, ಅದರಲ್ಲಿ ನೆರವಲ್ ಮತ್ತು ಕಲ್ಪನಾಸ್ವರ. ಇನ್ನೊಂದು ತಿಲ್ಲಾನವೋ ದೇವರನಾಮವೋ. ಕೇಳುವವರ ಸಮಯ ಕಡಿಮೆ, ಅವರು ಮೊದಲ ಎರಡು ಮೂರು ನಿಮಿಷದಲ್ಲೇ ಒಂದು ಅಂದಾಜಿಗೆ ಬಂದಿರುತ್ತಾರೆ. ಆದ್ದರಿಂದ ಅತ್ಯುತ್ತಮ ಭಾಗ ಮೊದಲು ಬರಲಿ, ಆಲಾಪನೆ ಹದವಾಗಿರಲಿ. ಕಲ್ಪನಾಸ್ವರ ಯಾವ ನಿಮಿಷಕ್ಕೆ ಶುರುವಾಗುತ್ತದೆ, ಅದು ಬರೆದಿಟ್ಟುಕೊಂಡು ಒಪ್ಪಿಸಿದ್ದಲ್ಲ, ತಾಳದ ಚೌಕಟ್ಟಿನೊಳಗೆ ಆ ಗಳಿಗೆಯಲ್ಲೇ ಕಟ್ಟಿದ್ದು ಎಂದು ಟಿಪ್ಪಣಿಯಲ್ಲಿ ತಿಳಿಸಬೇಕು. ನಮಗೆ ಹೇಳಬೇಕಾಗಿಲ್ಲದ ಈ ಮಾತು ಅಲ್ಲಿನ ಅಧ್ಯಾಪಕರಿಗೆ ಬಹು ದೊಡ್ಡ ಸುದ್ದಿ. ಹದಿನೇಳರ ಹುಡುಗಿ ಮನೋಧರ್ಮದಿಂದ ಸ್ವರ ಕಟ್ಟುತ್ತಾಳೆ ಎಂದರೆ ಅವಳಲ್ಲಿ ಏನಿದೆ ಎಂಬುದು ಸಂಗೀತ ಬಲ್ಲವರಿಗೆ ತಕ್ಷಣ ಹೊಳೆಯುತ್ತದೆ.

ಸಾವಿರಕ್ಕೂ ಮಿಕ್ಕ ಕಾಲೇಜುಗಳು ಬಳಸುವ ಕಾಮನ್ ಆ್ಯಪ್ ಎಂಬ ಅರ್ಜಿಯಲ್ಲಿ ಹತ್ತು ಚಟುವಟಿಕೆಗಳಿಗೆ ಜಾಗವಿದೆ. ಪ್ರತಿಯೊಂದನ್ನೂ ವಿವರಿಸಲು ಇಂಗ್ಲಿಷಿನ 150 ಅಕ್ಷರ, ಖಾಲಿ ಜಾಗವೂ ಸೇರಿ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂಬುದನ್ನೂ ತುಂಬಬೇಕು. ‘ಬಾಲ್ಯದಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ, ಹಲವು ಕಾರ್ಯಕ್ರಮ ಕೊಟ್ಟಿದ್ದೇನೆ’ ಎಂದು ಬರೆದರೆ ಓದುವವರ ಕಣ್ಣು ಮುಂದಿನ ಸಾಲಿಗೆ ಜಾರುತ್ತದೆ. ‘ಪ್ರತಿ ಭಾನುವಾರ ಎಂಟು ಮಕ್ಕಳಿಗೆ ಸರಳೆ, ಜಂಟಿವರಸೆ ಹೇಳಿಕೊಡುತ್ತೇನೆ, ವೃದ್ಧಾಶ್ರಮದಲ್ಲಿ ತಿಂಗಳಿಗೊಮ್ಮೆ ಹಾಡುತ್ತೇನೆ’ ಎಂದು, ಅದು ನಿಜವಾಗಿದ್ದರೆ, ಬರೆದಾಗ ಒಬ್ಬ ವ್ಯಕ್ತಿ ಕಾಣಿಸುತ್ತಾಳೆ. ಗುರುಗಳ ಪತ್ರವೂ ಹೀಗೆಯೇ. ‘ನನ್ನ ಶಿಷ್ಯೆಯರಲ್ಲಿ ಶ್ರೇಷ್ಠಳು’ ಎಂಬ ಮಾತಿಗೆ ಅಲ್ಲಿ ಬೆಲೆ ಕಡಿಮೆ. ಒಂದು ಪಲ್ಲವಿ ಕೈಗೆ ಬರದೆ ತಿಂಗಳುಗಟ್ಟಲೆ ಒದ್ದಾಡಿದ್ದು, ತಪ್ಪನ್ನು ತಾನೇ ಕಂಡುಕೊಂಡು ತಿದ್ದಿಕೊಂಡದ್ದು, ಇಂಥ ಒಂದು ಸಂಗತಿ ಸಾಕು. ಸಾಧಕಿಗಿಂತ ಸಾಧನೆಯ ರೀತಿ ಅಲ್ಲಿ ಹೆಚ್ಚು ಮಾತನಾಡುತ್ತದೆ.

ಕ್ಲೀವ್‌ಲ್ಯಾಂಡ್‌ನಲ್ಲಿ 1978ರಿಂದ ನಡೆದುಬಂದಿರುವ ತ್ಯಾಗರಾಜ ಆರಾಧನೆಗೆ ಅಮೆರಿಕದ ಮೂಲೆಮೂಲೆಯಿಂದ ಮಕ್ಕಳು ಬರುತ್ತಾರೆ. ಅಲ್ಲಿನ ಸ್ಪರ್ಧೆಗಳ ಮಟ್ಟ ನಿಜಕ್ಕೂ ಎತ್ತರದ್ದು. ವಲಸೆ ಹೋದ ಸಮುದಾಯವೊಂದು ತನ್ನ ಕಲೆಯನ್ನು ಮುಂದಿನ ತಲೆಮಾರಿಗೆ ಇಷ್ಟು ಶ್ರದ್ಧೆಯಿಂದ ದಾಟಿಸಿದ್ದು ಹೆಮ್ಮೆಯ ವಿಷಯ. ನನಗೆ ಸಂಕಟವಾಗುವುದು ರಂಗಪ್ರವೇಶದ ವಿಚಾರದಲ್ಲಿ. ಅರ್ಜಿ ಹಾಕುವ ವರ್ಷಕ್ಕೆ ಮುಂಚಿನ ಬೇಸಿಗೆಯಲ್ಲೇ ಅದನ್ನು ಮುಗಿಸಬೇಕೆಂಬ ಅವಸರ ಹೆಚ್ಚುತ್ತಿದೆ. ಸಭಾಂಗಣ, ಭಾರತದಿಂದ ಪಕ್ಕವಾದ್ಯದವರು, ಉಡುಪು, ಊಟ ಎಂದು ಸಾವಿರಾರು ಡಾಲರ್ ಖರ್ಚಾಗುತ್ತದೆ. ಭಾರತೀಯರು ಹೆಚ್ಚಾಗಿರುವ ಫ್ರೀಮಾಂಟ್, ಎಡಿಸನ್‌ನಂಥ ಊರುಗಳ ಅರ್ಜಿ ಓದುವವರಿಗೆ ರಂಗಪ್ರವೇಶ ಹೊಸದೇನಲ್ಲ. ಗುರು ಒಪ್ಪಿದಾಗ, ಮಗು ಸಿದ್ಧವಾದಾಗ ಆಗಬೇಕಾದ ಕಾರ್ಯವನ್ನು ಕಾಲೇಜಿನ ಕ್ಯಾಲೆಂಡರ್ ನೋಡಿ ಮಾಡುವುದು ಕಲೆಗೂ ಮಗುವಿಗೂ ಮಾಡುವ ಅಪಚಾರ ಎಂದೇ ನನ್ನ ಅಭಿಪ್ರಾಯ.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 2023ರಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದ ಎಂಟು ಐವಿ ಲೀಗ್ ಕಾಲೇಜು ಮತ್ತು ಸ್ಟ್ಯಾನ್‌ಫರ್ಡ್, ಎಂಐಟಿ, ಡ್ಯೂಕ್, ಷಿಕಾಗೋಗಳ ಪ್ರವೇಶವನ್ನು ಅಧ್ಯಯನ ಮಾಡಿದರು. ಅಷ್ಟೇ ಎಸ್‌ಎಟಿ ಅಂಕ ಪಡೆದ ಮಧ್ಯಮ ವರ್ಗದ ಮಕ್ಕಳಿಗಿಂತ ಅತಿ ಶ್ರೀಮಂತ ಶೇ 1ರಷ್ಟು ಮನೆಗಳ ಮಕ್ಕಳು ಈ ಕಾಲೇಜುಗಳಿಗೆ ಸೇರುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು ಎಂದು ಗೊತ್ತಾಯಿತು. ಹಳೆ ವಿದ್ಯಾರ್ಥಿಗಳ ಮಕ್ಕಳೆಂಬ ಲಾಭ, ಕ್ರೀಡಾಪಟುಗಳ ಆಯ್ಕೆ, ಪಠ್ಯೇತರ ಗುಣಗಳಿಗೆ ಕೊಡುವ ತೂಕ, ಈ ಮೂರು ಅದಕ್ಕೆ ಮುಖ್ಯ ಕಾರಣ. ಮುಂದಿನ ಜೀವನದ ಯಶಸ್ಸನ್ನು ಓದಿನ ಅಂಕಗಳು ಮುನ್ಸೂಚಿಸುವಂತೆ ಪಠ್ಯೇತರದ ಅಂಕೆಗಳು ಸೂಚಿಸುವುದಿಲ್ಲ ಎಂಬುದನ್ನೂ ಅವರು ತೋರಿಸಿದರು. ಒಳ್ಳೆಯ ವಯಲಿನ್‌ಗೆ ಬೆಲೆಯಿದೆ, ಗುರುವಿಗೆ ಗಂಟೆಗಿಷ್ಟು ಎಂದು ಕೊಡಬೇಕು, ಪಾಠಕ್ಕೆ ಕರೆದೊಯ್ಯಲು ಮನೆಯಲ್ಲಿ ಬಿಡುವಾದ ಒಬ್ಬರು ಬೇಕು. ಶಾಲೆ ಮುಗಿಸಿ ಅಂಗಡಿಯಲ್ಲಿ ದುಡಿಯುವ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗನ ಗಂಟಲಲ್ಲಿ ಎಂಥ ಸ್ವರವಿದೆಯೋ ಯಾರಿಗೆ ತಿಳಿಯಿತು? ಸಂಗೀತಕ್ಕೆ ಪ್ರವೇಶದಲ್ಲಿ ಇನ್ನೂ ಹೆಚ್ಚು ತೂಕ ಕೊಡಿ ಎಂದು ವಾದಿಸುವವರು ಈ ಹುಡುಗನ ಬಗ್ಗೆಯೂ ಉತ್ತರ ಹೇಳಬೇಕು.

ಸಂಗೀತವನ್ನೂ ವಿಜ್ಞಾನವನ್ನೂ ಒಟ್ಟಿಗೆ ಗಂಭೀರವಾಗಿ ಕಲಿಯಬೇಕೆನ್ನುವ ಮಕ್ಕಳಿಗೆ ಅಲ್ಲಿ ಒಳ್ಳೆಯ ದಾರಿಗಳಿವೆ. ಒಹಾಯೋದ ಓಬರ್ಲಿನ್‌ನಲ್ಲಿ ಐದು ವರ್ಷದಲ್ಲಿ ಎರಡೂ ಪದವಿ ಪಡೆಯಬಹುದು. ಹಾರ್ವರ್ಡ್ ಮತ್ತು ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ ಸೇರಿ ನಡೆಸುವ ಕೋರ್ಸಿದೆ. ಎರಡೂ ಕಡೆ ಬೇರೆಬೇರೆಯಾಗಿ ಪ್ರವೇಶ ಗಿಟ್ಟಿಸಬೇಕು. ಸಂಗೀತವನ್ನೇ ಆರಿಸಿಕೊಳ್ಳುವವರಿಗೆ ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆ ಇದೆ, ಅದು 1928ರಿಂದ ಬೋಧನಾ ಶುಲ್ಕವನ್ನೇ ಪಡೆಯುತ್ತಿಲ್ಲ. ಅಲ್ಲಿ ಆಡಿಷನ್ನೇ ಪ್ರವೇಶ. ಐವಿ ಲೀಗ್ ಕಾಲೇಜುಗಳು ಮಾತ್ರ ಸಂಗೀತಕ್ಕೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ, ಮನೆಯ ಆದಾಯ ನೋಡಿ ನೆರವು ಕೊಡುತ್ತವೆ. ಎರಡನ್ನೂ ಹಿಡಿದವರಿಗೆ ಒಂದು ಉದಾಹರಣೆ: ತಮಿಳು ಮೂಲದ ಪಿಯಾನೋ ವಾದಕ ವಿಜಯ್ ಅಯ್ಯರ್ ಯೇಲ್‌ನಲ್ಲಿ ಓದಿದ್ದು ಗಣಿತ ಮತ್ತು ಭೌತಶಾಸ್ತ್ರ. ಈಗ ಅವರು ಹಾರ್ವರ್ಡ್‌ನಲ್ಲಿ ಸಂಗೀತದ ಪ್ರಾಧ್ಯಾಪಕರು.

ನಮ್ಮ ದೇಶದಲ್ಲೂ ಈಗೀಗ ಸಣ್ಣ ಬಾಗಿಲುಗಳು ತೆರೆಯುತ್ತಿವೆ. ಐಐಟಿ ಮದರಾಸು 2025-26ರಿಂದ ಲಲಿತಕಲೆಯಲ್ಲಿ ಸಾಧನೆ ಮಾಡಿದವರಿಗೆ ಪ್ರತಿ ಕೋರ್ಸಿನಲ್ಲಿ ಎರಡು ಹೆಚ್ಚುವರಿ ಸೀಟು ಇಟ್ಟಿದೆ, ಅದರಲ್ಲಿ ಒಂದು ಹೆಣ್ಣುಮಕ್ಕಳಿಗೆ. ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಪಟ್ಟಿಯಲ್ಲಿ ಹೆಸರಿರಲೇಬೇಕು. ಆಮೇಲೆ ಕಲೆಯ ಸಾಧನೆಗೆ ಅಂಕ. ದೆಹಲಿ ವಿಶ್ವವಿದ್ಯಾಲಯದಲ್ಲಿ ಕ್ರೀಡೆ ಮತ್ತು ಪಠ್ಯೇತರ ಎರಡೂ ಸೇರಿ ಶೇ 5ರಷ್ಟು ಹೆಚ್ಚುವರಿ ಸೀಟುಗಳಿವೆ. ಅಲ್ಲಿ ಸಂಗೀತಕ್ಕೆ ಅರ್ಜಿ ಹಾಕಿದವರು ಪರೀಕ್ಷಕರ ಮುಂದೆ ಹಾಡಿ, ನುಡಿಸಿ ತೋರಿಸಬೇಕು. ಈ ಪದ್ಧತಿ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ: ಎಷ್ಟು ಸೀಟು, ಯಾರಿಗೆ, ಏನು ನೋಡಿ ಕೊಡುತ್ತಾರೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಕರ್ನಾಟಕದ ಸಿಇಟಿಯಲ್ಲಿ ಕ್ರೀಡೆಗೆ, ಎನ್‌ಸಿಸಿಗೆ ಜಾಗವಿದೆ; ಹಾಡಿಗೆ, ವೀಣೆಗೆ ಎಂಜಿನಿಯರಿಂಗ್ ಸೀಟಿನ ಲೆಕ್ಕದಲ್ಲಿ ಜಾಗವಿಲ್ಲ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರರ ನಾಡಿನ ಸರ್ಕಾರ ಪ್ರತಿ ಕಾಲೇಜಿನಲ್ಲಿ ಒಂದೆರಡು ಸೀಟು ಹೀಗೆ ತೆಗೆದಿಡಬಾರದೇಕೆ?

ಪಿಯುಸಿ ಬಂತೆಂದರೆ ಇಲ್ಲಿ ಪೆಟ್ಟಿಗೆ ಸೇರುವ ಪಿಟೀಲುಗಳೆಷ್ಟು! ಸಂಗೀತದ ಜೂನಿಯರ್ ಮುಗಿಸಿ ಸೀನಿಯರ್ ಪರೀಕ್ಷೆಗೆ ಕೂರಬೇಕಿದ್ದ ಮಕ್ಕಳು ‘ಎರಡು ವರ್ಷ ಬಿಡು, ಆಮೇಲೆ ನೋಡೋಣ’ ಎಂಬ ಮಾತಿಗೆ ಪಾಠ ನಿಲ್ಲಿಸುತ್ತಾರೆ, ಹೆಚ್ಚಿನವರು ಮತ್ತೆ ಬರುವುದಿಲ್ಲ. ಅಮೆರಿಕದಲ್ಲಿ ಅರ್ಜಿ ಕಳುಹಿಸಿದ ಮರುತಿಂಗಳೇ ವಾದ್ಯ ಕೆಳಗಿಡುವ ಮಕ್ಕಳದ್ದೂ ಇದೇ ಕಥೆ. ಎರಡೂ ಕಡೆ ಸಂಗೀತ ಸೀಟಿನ ಲೆಕ್ಕಕ್ಕೆ ಸಿಕ್ಕಿ ಸೋತಿದೆ. ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟು: ರೆಕಾರ್ಡಿಂಗ್ ಕಳುಹಿಸಬೇಕೋ ಬೇಡವೋ ಎಂಬುದನ್ನು ಕನ್ಸಲ್ಟೆಂಟ್ ಬದಲು ಗುರುಗಳನ್ನು ಕೇಳಿ. ಅವರು ಬೇಡ ಎಂದರೆ ಆ ಜಾಗ ಖಾಲಿ ಬಿಡಿ. ಪರೀಕ್ಷೆಯ ವರ್ಷದಲ್ಲೂ ದಿನಕ್ಕೆ ಅರ್ಧ ಗಂಟೆ ಸಾಧನೆಗೆ ಬಿಡುವು ಕೊಡಿ, ಪಾಠ ಮಾತ್ರ ನಿಲ್ಲಿಸಬೇಡಿ.